ಚೇರಮನ್ ರಾಯವ್ವನ ಒಪ್ಪಿಗೆ

ತಾನು ಒಂಬತ್ತು ವರ್ಷಗಳಿಂದ ಚೇರಮನ್ ಆಗಿದ್ದೇನೆ ಎಂಬ ಸಂಗತಿ ರಾಯವ್ವನಿಗೆ ತಿಳಿದದ್ದು ೧೯೯೩ರ ಮೇ ತಿಂಗಳಲ್ಲಿ, ವಿಶ್ರಾಮಬಾಗದ ಅಲಕಾಳ ಮನೆಯ ಕಟ್ಟೆಯ ಮೇಲೆ.

ಅಂದು ಬೆಳಿಗ್ಗೆ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಹಿಂದಿನ ಮಾಳಕ್ಕೆ ಪೋಸ್ಟಮನ್ ಬಂದಿದ್ದ. ಬೇಟೆಯ ಕುಲದ ಹರಣಶಿಕಾರಿಗಳ ಇಪ್ಪತ್ತೆರಡು ಗುಡಿಸಲುಗಳಿರುವ ಆ ಮಾಳಕ್ಕೆ ಸರಕಾರದ ಕಡೆಯಿಂದ ಅದುವರೆಗೆ ಬಂದವರೆಂದರೆ ಪೊಲೀಸರು. ಊರಲ್ಲಿ ಎಲ್ಲಿ ಕಳವಾದರೂ ಮೊದಲು ಇಲ್ಲಿಗೆ ಬಂದು, ತನಿಖೆಯನ್ನು ಆಮೇಲೆ ಶುರು ಮಾಡುತ್ತಿದ್ದರು. ಹಾಗಾಗಿ ಖಾಕಿ ಕಂಡೊಡನೆ ಗಂಡಸರು ಜಾಲಿ ಮುಳ್ಳಿನೊಳಗೆ ಮಾಯವಾದರು. ಪೋಸ್ಟಮನ್ ಉದ್ದನೆಯ ಲಕೋಟೆಯೊಂದನ್ನು ರಾಯವ್ವನ ಕೈಗಿತ್ತು ಹೋದ. ಸಂಜೆಹೊತ್ತು ಮಾಳಕ್ಕೆ ಬಂದು ಅಕ್ಷರ ಕಲಿಸುತ್ತಿದ್ದ ಅಲಕಾಳನ್ನು ಬಿಟ್ಟರೆ ಓದಿ ಹೇಳುವವರು ಯಾರಿದ್ದರು?

"ಮಾವಶಿ, ಜಿನೀವಾದಿಂದ ಬಂದೈತಿ," ಎಂದಳು ಅಲಕಾ. "ಜಗತ್ತಿನ ಮೂಲನಿವಾಸಿಗಳೆಲ್ಲಾ ಅಲ್ಲಿ ವರ್ಷಕ್ಕೊಮ್ಮೆ ಸಭಾ ಕೂಡ್ತಾರ. ಹರಣಶಿಕಾರಿ ಸಹಕಾರಿ ಸಂಸ್ಥಾದ ಚೇರಮನ್ ಅಂತ ನಿಮ್ಮನ್ನ ಕರದಾರ."

"ಅದ್ಯಾವ ಸಂಸ್ಥಾ?"

ಕೇಳುತ್ತಿದ್ದಂತೆ ಅವಳಿಗೆ ಹೊಳೆಯಿತು. ಒಂಬತ್ತು ವರ್ಷಗಳಿಂದ ಪ್ರತಿ ಗಾಂಧಿ ಜಯಂತಿಗೆ ನೂಲು ತೆಗೆಯುವ ಸೂತಗಿರಣಿಯ ಕ್ಲಾರ್ಕ್ ಗುರುಸಿದ್ಧಪ್ಪ ದಪ್ಪ ವಹಿಯೊಂದನ್ನು ಹೊತ್ತು ತರುತ್ತಿದ್ದ. ಖಾಲಿ ಹಾಳೆಯ ಮೇಲೆ ಎಲ್ಲರೂ ಹೆಬ್ಬೆಟ್ಟು ಒತ್ತಿದ ಮೇಲೆ ಭಜಿ ಹಂಚುತ್ತಿದ್ದ. ಗಾಂಧಿ ಅಜ್ಜನ ಹೆಸರಿನಲ್ಲಿ ಗಿರಣಿಯವರು ಹೊತ್ತ ಹರಕೆ ಇದು, ಹೆಬ್ಬೆಟ್ಟು ಒತ್ತದಿದ್ದರೆ ಹರಕೆ ಮುಟ್ಟುವುದಿಲ್ಲ ಎಂದು ಮಾಳದವರು ನಂಬಿದ್ದರು.

"ನನ್ನ ಯಾಕ ಕರದಾರ?"

ಅಲಕಾ ಕಾಗದವನ್ನು ಇನ್ನೊಮ್ಮೆ ಓದಿಕೊಂಡಳು. "ಗಿರಣಿಗೆ ಮಾಳ ಬಿಟ್ಟುಕೊಡಾಕ ನೀವೆಲ್ಲಾರೂ ಖುಷೀಲೆ ಒಪ್ಪೀರಿ ಅಂತ ಇಲ್ಲಿಂದ ಠರಾವ ಹೋಗೇತಿ. ಜಗಳಿಲ್ಲದ ಇಂಥಾ ಒಪ್ಪಿಗಿ ಹೆಂಗ ಆತು, ಬಂದು ಉಳಿದ ಮಂದಿಗೂ ಹೇಳ್ರಿ ಅಂದಾರ."

ಹತ್ತಾರು ಊರುಗಳಿಂದ ಓಡಿಸಿಕೊಂಡ ಕುಲ ಮೂವತ್ತು ವರ್ಷ ಒಂದೇ ಕಡೆ ಒಲೆ ಹೂಡಿದ್ದು ಆ ಮಾಳದಲ್ಲಿ. ರಾಯವ್ವನ ಗಂಡನನ್ನು ಹೂಳಿದ್ದೂ ಅಲ್ಲೇ.

"ಬಿಟ್ಟುಕೊಟ್ಟ ಮ್ಯಾಲೆ ನಾವು ಎಲ್ಲಿಗೆ ಹೊಕ್ಕೇವಂತ?"

"ಅದನ್ನ ಬರದಿಲ್ಲ, ಮಾವಶಿ."

ರಾಯವ್ವ ಗಿರಣಿಯ ಆಫೀಸಿಗೆ ಹೋಗಿ ಕೇಳಿದಾಗ ಗುರುಸಿದ್ಧಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ. "ಚೇರಮನ್ ಮಾಡಿದ್ದಕ್ಕ ಸಿಟ್ಟೇನು? ಮಂದಿ ಇದಕ್ಕ ಹೊಡದಾಡಿ ಸಾಯ್ತಾರ. ಹೊಸ ಯಂತ್ರ ಕೊಡೋ ಫಾರೆನ್ನಿನವರು ಮಾಳದವರ ಒಪ್ಪಿಗಿ ಬೇಕಂದ್ರು. ಬರದ ಕೊಟ್ಟೆ, ಅದನ್ನಽ ಅವರು ಜಿನೀವಾಕ್ಕ ಕಳಿಸಿರಬೇಕು. ನಿಮ್ಮ ಹೆಬ್ಬೆಟ್ಟು ಇದ್ದಽ ಇತ್ತು."

ಗಿರಣಿಯ ಯಜಮಾನ ತಾತ್ಯಾಸಾಹೇಬರು ಇನ್ನೂ ಮೃದುವಾಗಿ ಮಾತಾಡಿದರು. "ಅಷ್ಟು ದೂರ ನೀ ಯಾಕ ತ್ರಾಸ ತಗೋತಿ ರಾಯವ್ವ? ನಮ್ಮ ತಮ್ಮನ ಮಗ ಧನ್ಯಕುಮಾರ ನಿಮ್ಮ ಪರವಾಗಿ ಹೊಕ್ಕಾನ. ಕೋಟೂ ಹೊಲಿಸ್ಯಾನ."

"ಅಂವಾ ಹರಣಶಿಕಾರಿ ಏನ್ರಿ ಸಾಹೇಬರ?"

"ಅಲ್ಲಿ ಯಾರಿಗೆ ಗೊತ್ತಾಗತೈತಿ?"

ತತ್ತಿಯನ್ನೂ ಮುಟ್ಟದ ಜೈನರ ಹುಡುಗ ಜಗತ್ತಿನೆದುರು ಬೇಟೆಗಾರರ ಬಾಯಿಯಾಗುವವನಿದ್ದ. ಅದಕ್ಕೆ ಬೇಕಿದ್ದುದು ಇನ್ನೊಂದು ಠರಾವ ಮಾತ್ರ.

"ರವಿವಾರ ವಹಿ ತಗೊಂಡ ಬರ್ರಿ," ಎಂದು ರಾಯವ್ವ ಗುರುಸಿದ್ಧಪ್ಪನಿಗೆ ಹೇಳಿ ಎದ್ದಳು.

ರವಿವಾರ ಬೇವಿನ ಮರದ ಕೆಳಗೆ ಎಲ್ಲರೂ ಕೂತರು. ಅಲಕಾಳೂ ಬಂದಿದ್ದಳು. ಗುರುಸಿದ್ಧಪ್ಪ ಶಾಯಿಯ ಡಬ್ಬಿ ತೆರೆದ.

"ಅದನ್ನ ಮುಚ್ಚರಿ," ಎಂದಳು ರಾಯವ್ವ. "ಇವತ್ತ ಮೊದಲು ಮಾತು."

ಮಾತು ಆಯಿತು. ಮುದುಕ ಲಗಮಣ್ಣ, "ಸತ್ತವರನ್ನ ಕೇಳದ ಮಾಳ ಹೆಂಗ ಕೊಡೋದು? ಅವರೇನು ಮೆಂಬರ್ ಅಲ್ಲೇನು?" ಎಂದ. ಎಲ್ಲರೂ ನಕ್ಕರು, ನಕ್ಕ ಮೇಲೆ ಸತ್ತವರನ್ನು ಹೂಳಿದ ಕಡೆ ತಿರುಗಿ ನೋಡಿದರು. ಮಾಳ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಜಿನೀವಾಕ್ಕೆ ರಾಯವ್ವನೇ ಹೋಗಬೇಕು ಎಂದು ಠರಾಯಿಸಿದರು. ಗುರುಸಿದ್ಧಪ್ಪನ ಪೆನ್ನು ಸರಸರನೆ ಓಡಿತು.

"ಆತು, ಇನ್ನ ಹೆಬ್ಬೆಟ್ಟು," ಎಂದ.

"ಅಲಕಾಬಾಯಿ ಓದ್ಲಿ," ಎಂದಳು ರಾಯವ್ವ.

ಅಲಕಾ ಓದತೊಡಗಿದಳು. "ಗಿರಣಿಗೆ ಮಾಳ ಬಿಟ್ಟುಕೊಡಲು ಸಭೆಯು ಸರ್ವಾನುಮತದಿಂದ ಸಮ್ಮತಿಸಿದೆ..." ಅಲ್ಲಿಗೆ ಅವಳ ದನಿ ನಿಂತಿತು.

ಎಲ್ಲರ ಕಣ್ಣು ಗುರುಸಿದ್ಧಪ್ಪನ ಮೇಲೆ. ಅವನು ವಹಿಯನ್ನು ಎಳೆದುಕೊಂಡು ತಾನೇ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ. "ದೇವರಾಣಿ, ನಾ ನೀವು ಹೇಳಿದ್ದನ್ನಽ ಬರೀತಿದ್ದೆ," ಎಂದ, ಪಿಸುದನಿಯಲ್ಲಿ.

ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ರಾಯವ್ವನಿಗೆ ಕಂಡಿತು. ಕಂಡದ್ದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಮೋಸ ಮಾಡುವವನನ್ನಾದರೆ ಹಿಡಿಯಬಹುದು. ಒಂಬತ್ತು ವರ್ಷ ಬೇರೆಯವರ 'ಹೂಂ' ಬರೆದು ಬರೆದು, ಇವನ ಕೈಗೆ ಅವರ 'ಇಲ್ಲ' ಬರೆಯಲಿಕ್ಕೇ ಬಾರದಾಗಿತ್ತು.

ಅವಳು ಆ ಹಾಳೆಯ ಮೇಲೆ ಅಡ್ಡಗೆರೆ ಎಳೆಸಿದಳು. "ನಾ ಒಂದ ಮಾತ ಹೇಳ್ತೇನಿ, ನೀವು ಅದನ್ನಷ್ಟಽ ಬರೀರಿ, ಅಲಕಾಬಾಯಿ ಓದ್ಲಿ. ಆಮ್ಯಾಲೆ ಇನ್ನೊಂದು."

ಶಾಲೆಯ ಒಂದನೇ ಇಯತ್ತೆಯ ಹುಡುಗನಂತೆ ಗುರುಸಿದ್ಧಪ್ಪ ಬೆವರುತ್ತ ಬರೆದ. ಆರು ಸಾಲಿಗೆ ಮಧ್ಯಾಹ್ನ ಸರಿಯಿತು. ಎಲ್ಲರೂ ಹೆಬ್ಬೆಟ್ಟು ಒತ್ತಿದ ಮೇಲೆ, ಜಿನೀವಾಕ್ಕೆ ಕಳಿಸಲು ಅಲಕಾ ಅದನ್ನು ಇಂಗ್ಲಿಷಿನಲ್ಲಿ ಇಳಿಸಿಕೊಂಡಳು.

ವಹಿ ಕಟ್ಟುತ್ತ ಗುರುಸಿದ್ಧಪ್ಪ ಕೇಳಿದ. ಮೊದಲ ಸಲ ಅವನ ಬಾಯಲ್ಲಿ ಅವಳಿಗೆ ಗೌರವದ 'ರಿ' ಬಂತು.

"ತಾತ್ಯಾಸಾಹೇಬರಿಗೆ ನಾ ಏನಂತ ಹೇಳ್ಲಿರಿ?"

"ಈ ಸಲ ಸಭಾ ಖರೇನಽ ಆತು ಅಂತ ಹೇಳ್ರಿ," ಎಂದಳು ರಾಯವ್ವ.