ಯಾವ ಪಟದಲ್ಲೂ ಇಲ್ಲದ ತಮ್ಮ

ತಲೆಯಲ್ಲಿ ಬಾಚುವುದಕ್ಕೆ ಏನೂ ಉಳಿಯದೆ ಹೋದ ಮೇಲೂ ನಮ್ಮ ತಮ್ಮನ ಅಂಗಿಯ ಜೇಬಿನಲ್ಲಿ ಬಾಚಣಿಗೆ ಇರುವುದು ತಪ್ಪಲಿಲ್ಲ. ಫೋಟೋ ಸ್ಟುಡಿಯೋ ಇಟ್ಟವನು. ಸ್ಟೂಲಿನ ಮೇಲೆ ಕೂತವರ ಗದ್ದವನ್ನು ಎರಡು ಬೆರಳಿನಲ್ಲಿ ಹಿಡಿದು ಒಂದಿಷ್ಟು ತಿರುಗಿಸಿ, ಹಣೆಗೆ ಇಳಿದ ಕೂದಲನ್ನು ಬಾಚಿ ಸರಿಸಿ, ಅವರ ಮೇಲಿನ ಕಣ್ಣು ಕೀಳದೆ ಹಿಮ್ಮುಖವಾಗಿ ನಡೆದು ಕ್ಯಾಮೆರಾ ಸೇರುವ ಅವನ ನಡಿಗೆ ಕಂಡು ನಗದ ಮಕ್ಕಳಿಲ್ಲ. ಆ ಅಭ್ಯಾಸ ಎಷ್ಟು ಮೈಗಂಟಿತೆಂದರೆ ಮನೆಯಲ್ಲೂ ಮಾತು ಮುಗಿಸಿ ಏಳುವಾಗ ಹಿಂದಕ್ಕೇ ಸರಿದು ಬಾಗಿಲಿಗೆ ಬೆನ್ನು ತಾಗಿಸಿಕೊಳ್ಳುತ್ತಾನೆ. "ಸ್ವಲ್ಪ ನಗಿ, ಹಲ್ಲು ಬೇಡ" ಎನ್ನುವುದು ಬಾಯಿಪಾಠ. ಹಲ್ಲಿನ ಡಾಕ್ಟರಿಗೂ ಒಮ್ಮೆ ಹಾಗೇ ಅಂದನಂತೆ.

ಊರವರ ಮುಖಗಳನ್ನೆಲ್ಲ ಅಂದಗಾಣಿಸಿದ ಈ ಮನುಷ್ಯ ಸ್ವಂತ ಮನೆಯ ಯಾವ ಪಟದಲ್ಲೂ ಇರಲಿಲ್ಲ. ಚಿಕ್ಕ ವಯಸ್ಸಿಗೇ ನೆತ್ತಿ ಬಯಲಾಯಿತು. ಅಂದಿನಿಂದ ಕ್ಯಾಮೆರಾದ ಹಿಂದೆಯೇ ಅವನ ವಾಸ. ಹೆಂಡತಿ ಹೊಲಿಗೆಯವಳು, ಅವಳ ಮಾತಿಗೂ ಕತ್ತರಿಗೂ ಒಂದೇ ಹರಿತ. "ನಾಳೆ ಆಲ್ಬಂ ನೋಡಿದವರು ನಾನು ಗೋಡೆ ಜೊತೆ ಸಂಸಾರ ಮಾಡಿದೆ ಅಂದ್ಕೋತಾರೆ. ಇಬ್ಬರದೂ ಒಂದೇ ಒಂದು ಫೋಟೋ ತೆಗೀರಿ" ಅನ್ನುವಳು. ಅವನ ಉತ್ತರ ಯಾವಾಗಲೂ ಅದೇ: "ಕೂದಲು ಬರಲಿ, ತಡಿ." ನಗೆಗೆ ಆಡುತ್ತಿದ್ದ ಆ ಮಾತು ಐವತ್ತು ದಾಟಿದ ಮೇಲೆ ನಿಜದ ಆಸೆಯಾಗಿ, ಒಂದು ದಿನ ಯಾರಿಗೂ ಹೇಳದೆ ಹೋಗಿ ಕೂದಲು ಕಸಿ ಮಾಡಿಸಿಕೊಂಡು ಬಂದ.

ಡಾಕ್ಟರು ಬಿಡಿಸಿಯೇ ಹೇಳಿದ್ದರು. ನೆಟ್ಟ ಕೂದಲು ಮೊದಲು ಉದುರುತ್ತದೆ, ಬೇರು ಒಳಗೇ ಇರುತ್ತದೆ, ತಾಳ್ಮೆ ಬೇಕು. ತಾವು ಹೇಳುವ ತನಕ ನೆತ್ತಿಗೆ ಕತ್ತರಿಯಾಗಲಿ ಮೆಷಿನ್ ಆಗಲಿ ತಾಗಬಾರದು. ಗಾಯ ಮಾಗಿದ ಮೇಲೆ ಸುತ್ತಲಿನದನ್ನು ಮಾತ್ರ ಕತ್ತರಿಯಲ್ಲಿ ಒಪ್ಪ ಮಾಡಿಕೊಳ್ಳಿ ಅಂತ. ಇವನ ಕಿವಿಗೆ ಬಿದ್ದದ್ದು 'ತಾಗಬಾರದು' ಒಂದೇ. ಗಾಯ ಮಾಗಿ ತಿಂಗಳುಗಳಾದರೂ ತಲೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ಕಿವಿ ಮುಚ್ಚಿ, ಕುತ್ತಿಗೆಗಿಳಿದು ಕೂದಲು ಪೊದೆಯಾಯಿತು.

"ಬೇಲಿ ಸೊಂಪಾಗಿದೆ. ಹೊಲ ಎಲ್ಲಿ?" ಅಂದಳು ಹೆಂಡತಿ.

ಅವನು ನಗಲಿಲ್ಲ. ನೆಟ್ಟದ್ದು ದಿಂಬಿನ ಮೇಲೆ ಉದುರಿದಾಗಿನಿಂದ ಅವನ ಧೈರ್ಯವೂ ಉದುರಿತ್ತು. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆದವನೇ ಎದುರಿನ ಎರಡೂ ದೊಡ್ಡ ದೀಪ ಹಾಕಿ, ಟೈಮರ್ ಒತ್ತಿ, ತಲೆ ಬಗ್ಗಿಸಿ ತನ್ನ ನೆತ್ತಿಯ ಫೋಟೋ ತೆಗೆದುಕೊಳ್ಳುವನು. ಪ್ರತಿ ಫೋಟೋದಲ್ಲೂ ತಿಕ್ಕಿ ಬೆಳಗಿದ ಚೊಂಬು. "ಹೋಯ್ತು ಕಣಕ್ಕ, ಎಲ್ಲಾ ಹೋಯ್ತು" ಎಂದ ನನ್ನ ಹತ್ತಿರ. ಹೆಂಡತಿಗೆ, "ಆ ಫೋಟೋ ವಿಷಯ ಇನ್ನು ಎತ್ತಬೇಡ" ಎಂದ.

ಒಂದು ಸಂಜೆ ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವಳು ಅವನನ್ನು ಕಿಟಕಿಯ ಪಕ್ಕ ಕೂರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತಲೆಯ ಸುತ್ತ ಗೆರೆ ಎಳೆದಳು.

"ಈ ಗೆರೆ ದಾಟಿದರೆ ಕೇಳಿ."

"ಕೈ ಜಾರೀತು ಕಣೇ."

"ಇಷ್ಟು ವರ್ಷ ಎಷ್ಟು ಕಾಲರ್ ಕತ್ತರಿಸಿದೀನಿ. ನಿಮ್ಮ ಕುತ್ತಿಗೆ ಏನು ಮಹಾ."

ಒಂದು ಕಡೆ ಮುಗಿದಿತ್ತು. ಇಳಿಬಿಸಿಲು ಪಕ್ಕದಿಂದ ಅಡ್ಡಲಾಗಿ ಬೀಳುತ್ತಿತ್ತು. ಕತ್ತರಿ ನಿಂತಿತು.

"ಅಲ್ಲಾಡಬೇಡಿ."

"ಏನು ಕತ್ತರಿಸಿಬಿಟ್ಟೆ?"

"ಏನೂ ಇಲ್ಲ. ನೆತ್ತಿ ಮೇಲೆ ಸಣ್ಣಸಣ್ಣ ನೆರಳು ಬಿದ್ದಿದೆ. ಕೂದಲಿಲ್ಲದೆ ನೆರಳು ಹೇಗೆ ಬರುತ್ತೆ ರೀ?"

ಅವನು ಎದ್ದು ಒಂದು ದೀಪವನ್ನು ಪಕ್ಕಕ್ಕೆಳೆದು, ಉಳಿದದ್ದನ್ನು ಆರಿಸಿ ಫೋಟೋ ತೆಗೆದ. ಎಳೆ ಮಗುವಿನ ಮೈಯ ನವಿರಿನಂತೆ ನೆತ್ತಿಯ ತುಂಬ ಚಿಗುರು. ಎಂಥ ತಪ್ಪಾಗಿತ್ತು ಅಂತ ಅವನಿಗೆ ಆಗ ಹೊಳೆಯಿತು. ಗಿರಾಕಿಗಳ ಸುಕ್ಕು, ಕಲೆ, ಗುಳಿಗಳೆಲ್ಲ ಕಾಣದಿರಲೆಂದು ವರ್ಷಗಟ್ಟಲೆ ಹದ ಮಾಡಿಟ್ಟ ಎದುರು ಬೆಳಕಿನಲ್ಲೇ ಅವನು ದಿನಾ ನೆತ್ತಿ ನೋಡಿಕೊಂಡಿದ್ದ. ಮುಚ್ಚುವುದನ್ನು ಕಲಿತ ಬೆಳಕಿಗೆ ಸುಕ್ಕೂ ಒಂದೇ, ಚಿಗುರೂ ಒಂದೇ.

"ಬಾ, ಕೂತ್ಕೋ" ಎಂದ ಹೆಂಡತಿಗೆ.

"ಇನ್ನೊಂದು ಕಡೆ ಕತ್ತರಿಸೋದು ಬೇಡ್ವಾ? ಒಂದು ಕಡೆ ಮನುಷ್ಯ, ಒಂದು ಕಡೆ ಕರಡಿ."

"ಇರಲಿ. ಈಗ ಕೂರದಿದ್ರೆ ನಾನು ಮತ್ತೆ ತಡಿ ಅಂತೀನಿ."

ಟೈಮರ್ ಒತ್ತಿ ತೆಗೆದ ಇಬ್ಬರ ಆ ಪಟ ಈಗ ಅವಳ ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಯಲ್ಲಿದೆ. ಅವನ ತಲೆಯ ಮೇಲೆ ಸೀಮೆಸುಣ್ಣದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅವಳ ಕೈಯಲ್ಲಿ ಕತ್ತರಿ ಹಾಗೇ ಉಳಿದಿದೆ. ಕೂದಲು ಇನ್ನೂ ದಟ್ಟವಾಗಿಲ್ಲ, ಆಗುತ್ತದೆಂದು ಡಾಕ್ಟರು ಹೇಳಿದ್ದಾರೆ, ಅವನೂ ನಂಬಿದ್ದಾನೆ. ಪರರನ್ನು ಅಲಂಕರಿಸುವುದೇ ಕಾಯಕವಾದವರು ಸಾಮಾನ್ಯವಾಗಿ ಹೀಗೇ: ತಮ್ಮ ಸರದಿ ಎಲ್ಲವೂ ಒಪ್ಪವಾದ ಮೇಲೆ ಬರಲಿ ಎಂದು ಕಾಯುತ್ತಾ, ಬಂದದ್ದನ್ನೂ ಕಾಣದೆ ಕೂತಿರುತ್ತಾರೆ. ಅಂಥವರಿಗೆ ಎದುರು ನಿಂತು ಹೊಗಳುವವರು ಎಷ್ಟಿದ್ದರೂ ಸಾಲದು. ಪಕ್ಕದಲ್ಲಿ ನಿಂತು ನೋಡುವವರು ಒಬ್ಬರಿದ್ದರೆ ಸಾಕು.