ಪರೀಕ್ಷೆಗೆ ಕೊಟ್ಟ ಪುಟ

"ಅಕ್ಷರ ಈಗ ಹೇಗೆ ಕಾಣ್ತಿದೆ?"

ಅವಳು ಕೇಳಿದ್ದು ಎರಡನೇ ಸಲ. ಡ್ಯೂಟಿ ಮುಗಿಸಿ ಬಂದಿದ್ದ ಬಸ್ ಡ್ರೈವರು ಕೈಯಲ್ಲಿದ್ದ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಗಾಜು ಬದಲಿಸುತ್ತ ದೃಷ್ಟಿ ನೋಡುವ ಭಾರದ ದುಂಡು ಫ್ರೇಮು ಅವನ ಮೂಗಿನ ಮೇಲೆ ಕಪ್ಪೆಯ ಹಾಗೆ ಕೂತಿತ್ತು. ಅವನು ಪುಟ ತಿರುಗಿಸಿದ.

ಅವಳು ಕೆಲಸಕ್ಕಿದ್ದ, ಸೋದರಮಾವನ ಈ ಕನ್ನಡಕದ ಅಂಗಡಿಯಲ್ಲಿ ಹತ್ತಿರದ ದೃಷ್ಟಿಗೆಂದು ಅಕ್ಷರದ ರಟ್ಟೊಂದಿತ್ತು. ಅದರ ಸಪ್ಪೆ ಸಾಲುಗಳನ್ನು ಗಿರಾಕಿಗಳು ಕಾಟಾಚಾರಕ್ಕೆ ಓದುತ್ತಿದ್ದರು. ಅದಕ್ಕೇ ಅವಳು ತಾನು ಓದುತ್ತಿದ್ದ ಕಾದಂಬರಿಯನ್ನೇ ಅವರ ಕೈಗೆ ಕೊಡುತ್ತಿದ್ದಳು. ಕಥೆ ಹಿಡಿಸಿದವರಿಗೆ ಅಕ್ಷರ ಮಂಜಾದರೆ ತಕ್ಷಣ ರೇಗುತ್ತದೆ. ನಂಬರು ಸರಿಯಾಗಿ ಸಿಗುತ್ತದೆ.

ಇವತ್ತು ಪರೀಕ್ಷೆ ಅವಳಿಗೂ ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಎದುರಿನ ಗ್ರಂಥಾಲಯದ ಓದುಗರ ಸಭೆಯಲ್ಲಿ, ಈಚೆಗೆ ಓದಿದ ಕಾದಂಬರಿಗಳ ಬಗ್ಗೆ ಅವಳು ಮಾತಾಡಬೇಕು. ಹೋದ ಸಲ ಎದ್ದು ನಿಂತು "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ಈ ಸಲವೂ ಬಾಯಿ ಕಟ್ಟಿದರೆ ಆ ಮೆಟ್ಟಿಲನ್ನೇ ಮತ್ತೆ ಹತ್ತಬಾರದೆಂದು ನಿರ್ಧರಿಸಿದ್ದಳು.

"ಏನಮ್ಮ ಇವಳು!" ಡ್ರೈವರು ಕಾದಂಬರಿಯಿಂದ ತಲೆಯೆತ್ತಿದ. ಗಾಜಿನ ಹಿಂದೆ ಕಣ್ಣುಗಳು ನಿಂಬೆಹಣ್ಣಿನಷ್ಟಾಗಿದ್ದವು. "ಮಗಳ ಮದುವೆ ಬಿಟ್ಟು ಯಾರದೋ ಹೆರಿಗೆಗೆ ಹೊರಟಳಲ್ಲ. ತಾಯಿನಾ ಇವಳು?"

"ಸೂಲಗಿತ್ತಿ ಅಲ್ವಾ? ಹೆರಿಗೆ ನೋವು ಹೇಳಿ ಕೇಳಿ ಬರುತ್ತಾ?" ಮಾತು ಅವಳ ಬಾಯಿಂದ ಜಾರಿಹೋಗಿತ್ತು.

"ಮಗಳು ಅಳ್ತಾ ಬಾಗಿಲಲ್ಲಿ ನಿಂತಿದಾಳೆ. ನೀವು ಓದ್ಲಿಲ್ವಾ?"

"ಓದಿದೆ! ನನಗೂ ಮೈ ಉರೀತು. ಪುಸ್ತಕ ಎತ್ತಿಟ್ಟು ಪಾತ್ರೆ ತೊಳೆಯೋಕೆ ಹೋದೆ. ಆಮೇಲೆ ತಡೀಲಾರದೆ ಒದ್ದೆ ಕೈಯಲ್ಲೇ ಬಂದು ತೆಗೆದೆ. ಆ ಪುಟ ಉಬ್ಬಿದೆಯಲ್ಲ, ಅದಕ್ಕೇ."

ಕನ್ನಡಕದ ರಿಪೇರಿಗೆ ಕಾದಿದ್ದ ಟೀಚರು ನಡುವೆ ಬಾಯಿ ಹಾಕಿದರು. "ನಾನಾಗಿದ್ರೆ ಹೋಗ್ತಿರಲಿಲ್ಲಪ್ಪ."

"ನಾನೂ ಹಾಗೇ ಅಂದ್ಕೊಂಡೆ ಮೇಡಂ. ಆದ್ರೆ ಅದಕ್ಕೆ ಮುಂಚೆ ದೀಪಸ್ತಂಭದ ಕಾವಲುಗಾರನದೊಂದು ಕಾದಂಬರಿ ಓದಿದ್ದೆ. ಹೆಂಡತಿ ಹೆಣ ಮನೇಲಿಟ್ಟುಕೊಂಡು, ಹಡಗುಗಳಿಗೆ ದಾರಿ ತಪ್ಪಬಾರದು ಅಂತ ದೀಪ ಹಚ್ಚೋಕೆ ಹೋಗ್ತಾನೆ. ಎಂಥಾ ಮನುಷ್ಯ ಅಂತ ಅತ್ತುಬಿಟ್ಟೆ! ಅವನಿಗೆ ಕಣ್ಣೀರು, ಇವಳಿಗೆ ಬೈಗುಳ. ಯಾಕೆ ಹಾಗೆ ಮಾಡಿದೆ ನಾನು?"

ಟೀಚರು ಕುರ್ಚಿ ಹತ್ತಿರ ಎಳೆದುಕೊಂಡರು. ಅವಳು ಮುಂದುವರಿಸಿದಳು.

"ಇನ್ನೊಂದಿತ್ತು, ಗಡಿಯಾರ ರಿಪೇರಿಯವರ ಮೂರು ತಲೆಮಾರಿನದು. ಹೆಸರು ನೆನಪಿಟ್ಟುಕೊಳ್ಳೋಷ್ಟರಲ್ಲಿ ಒಬ್ಬೊಬ್ಬರೇ ಸತ್ತುಹೋದ್ರು. ಅರ್ಧಕ್ಕೇ ಕೈಮುಗಿದೆ."

ಒಳಗಿನಿಂದ ಮಾವ ಇಣುಕಿದ. "ಇದೇನು ಅಂಗಡೀನೋ, ಸಂತೇನೋ?"

"ಇರಿ ಮಾವ," ಎಂದಳು. ಹಾಗೆಂದದ್ದು ತಾನೇನಾ ಎಂದು ಅವಳಿಗೇ ಅನುಮಾನವಾಯಿತು.

ಅಷ್ಟರಲ್ಲಿ ಗ್ರಂಥಪಾಲಕಿ ಬಾಗಿಲಲ್ಲಿ ನಿಂತಿದ್ದರು. "ಎಲ್ಲರೂ ಕಾಯ್ತಿದಾರೆ, ಬನ್ನಿ."

ಅವಳು ಚೀಲವನ್ನು ಅವುಚಿಕೊಂಡು ರಸ್ತೆ ದಾಟಿದಳು. ಮೇಜಿನ ಮುಂದೆ ನಿಂತು, ನೋಡಿಕೊಂಡು ಮಾತಾಡೋಣವೆಂದು ಚೀಲಕ್ಕೆ ಕೈ ಹಾಕಿದರೆ ಪುಸ್ತಕವೇ ಇಲ್ಲ. ಸಭೆ ಕೆಮ್ಮಿತು. ಉಪನ್ಯಾಸಕರೊಬ್ಬರು ಪೆನ್ನಿನ ಮುಚ್ಚಳ ತೆಗೆದರು.

"ಟೆಸ್ಟಿಂಗ್ ಫ್ರೇಮು ಎಲ್ಲೇ?" ಎದುರಿನ ಅಂಗಡಿಯಿಂದ ಮಾವನ ದನಿ ಕಿಟಕಿ ತೂರಿ ಬಂತು.

ಅವಳ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲಿ, ಮೂಗಿನ ಮೇಲೆ ಅದೇ ಕಪ್ಪೆ ಕೂರಿಸಿಕೊಂಡು, ತೊಡೆಯ ಮೇಲೆ ಕಾದಂಬರಿ ಬಿಡಿಸಿಕೊಂಡು ಡ್ರೈವರು ಕೂತಿದ್ದ. ತಲೆಯೆತ್ತದೆ ಒಂದು ಬೆರಳೆತ್ತಿದ.

"ಶುರು ಮಾಡಿ ತಾಯಿ. ಕೊನೆ ಮಾತ್ರ ಹೇಳ್ಬೇಡಿ. ನಾನಿನ್ನೂ ಆ ಸೂಲಗಿತ್ತಿ ಜೊತೆ ದಾರೀಲಿದೀನಿ."

ಸಭೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಖಾಲಿ ಚೀಲವನ್ನು ಕುರ್ಚಿಯ ಬೆನ್ನಿಗೆ ತೂಗುಹಾಕಿ, "ಮೊದಲು ಅವಳನ್ನ ಬೈದೆ," ಎಂದಳು.

ಮುಂದಿನ ಸಾಲಿನಲ್ಲಿ, ನೀರು ಕುಡಿದು ಉಬ್ಬಿದ ಪುಟವೊಂದು ಸರಕ್ಕನೆ ಮಗುಚಿತು.