ಬೆಟ್ಟದ ಮೇಲೆ ಕೂತವರು

ಬಟ್ಟೆ ಅಂಗಡಿಯಲ್ಲಿ ಕೆಲಸದ ಹೆಂಗಸರು ಕೂರುತ್ತಿದ್ದ ಸ್ಟೂಲುಗಳನ್ನೆಲ್ಲ ಮ್ಯಾನೇಜರು ತೆಗೆಸಿ ಗೋದಾಮಿಗೆ ಹಾಕಿಸಿದ. ಗಿರಾಕಿ ಇರಲಿ ಬಿಡಲಿ, ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ನಿಂತೇ ಇರಬೇಕು ಎಂದ.

ಮಳೆಗಾಲ ಕಳೆಯುವಷ್ಟರಲ್ಲಿ ದೊಡ್ಡಕ್ಕನ ಪಾದ ಊದಿ ಚಪ್ಪಲಿಯಲ್ಲಿ ಹಿಡಿಸದಾಯಿತು. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಟ್ಟಿದವು. ಅಂಗಡಿಯಲ್ಲಿ ಅವಳೇ ಎಲ್ಲರಿಗಿಂತ ಹಳಬಳು. "ವಯಸ್ಸಾಯ್ತಲ್ಲಮ್ಮಾ, ನಿಲ್ಲೋಕಾಗ್ದಿದ್ರೆ ಮನೇಲಿರಿ," ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದ. ವಯಸ್ಸೇ ಇರಬೇಕು ಎಂದು ಅವಳೂ ನಂಬಿದ್ದಳು. ತಿಂಗಳ ಕೊನೆಗೆ ಕೆಲಸ ಬಿಡುವುದೆಂದು ಒಳಗೊಳಗೇ ತೀರ್ಮಾನಿಸಿ, ಯಾರ ಹತ್ತಿರವೂ ಬಾಯಿ ಬಿಡದೆ ಓಡಾಡಿಕೊಂಡಿದ್ದಳು.

ಒಂದು ಬೆಳಿಗ್ಗೆ ಅಂಗಡಿಯ ವೈರಿಂಗ್ ಸುಟ್ಟು ಕರೆಂಟು ಹೋಗಿತ್ತು. ನಾಳೆ ಬನ್ನಿ ಎಂದು ಎಲ್ಲರನ್ನೂ ವಾಪಸು ಕಳಿಸಿದರು. ಬಸ್ ಸ್ಟಾಪಿನಲ್ಲಿ ದೊಡ್ಡಕ್ಕನ ಜೊತೆ ಅಂಗಡಿಯವರೇ ಇಬ್ಬರಿದ್ದರು: ಬಾಯಿ ತೆರೆದರೆ ಸಿಡಿಯುವ ಪಟಾಕಿ, ಬಿಸಿಲು ಬಂದರೂ ನೆರಳು ಬಂದರೂ ಗೊಣಗುವ ಗೊಣಗಮ್ಮ. ಬೆಟ್ಟದೂರಿನ ಬೋರ್ಡು ಹಾಕಿಕೊಂಡು ಬಸ್ಸೊಂದು ಬಂತು. ಪಟಾಕಿ ಹಿಂದೆಮುಂದೆ ನೋಡದೆ ಹಾರಿ ಹತ್ತಿದಳು.

"ಹತ್ರೇ! ಮನೆಗೆ ಹೋಗಿ ಗೋಡೆ ನೋಡ್ತೀರಾ?"

"ತಲೆ ಕೆಟ್ಟಿದೆ ಇವಳಿಗೆ," ಎಂದು ಗೊಣಗಮ್ಮ ಬೈಯುತ್ತಲೇ ಹತ್ತಿದಳು, ದೊಡ್ಡಕ್ಕನ ಕೈ ಬಿಡದೆ.

ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಹತ್ತಿರ ಬಂದ. "ಏನಮ್ಮಾ, ಸೀಟೆಲ್ಲ ಖಾಲಿ ಹೊಡೀತಿದೆ, ಕಂಬಿ ಹಿಡ್ಕೊಂಡು ನಿಂತಿದೀರಲ್ಲ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂರಬಹುದು ಎನ್ನುವುದೇ ಮರೆತುಹೋಗಿತ್ತು. ಪಟಾಕಿ ಬಿದ್ದು ಬಿದ್ದು ನಕ್ಕಳು. ದೊಡ್ಡಕ್ಕ ನಗದೆ, ಕಂಬಿ ಬಿಟ್ಟು ಮೆಲ್ಲಗೆ ಕಿಟಕಿಯ ಪಕ್ಕ ಕೂತಳು.

ಬೆಟ್ಟದೂರು ಇನ್ನೂ ಮೈ ಮುರಿಯುತ್ತಿತ್ತು. ಕದ ಹಾಕಿದ ಅತಿಥಿಗೃಹ, ಒಂದು ಚಹಾದಂಗಡಿ, ಮಂಜಿನೊಳಗೆ ನುಸುಳಿದ ಕಾಲುದಾರಿ. ತುದಿಯವರೆಗೂ ನಡೆದೇ ಹೋಗಬೇಕು.

"ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ. ಈ ಕಾಲಲ್ಲಿ ಎಲ್ಲಿ ಹತ್ಲಿ?" ಎಂದಳು ದೊಡ್ಡಕ್ಕ.

"ಆಗ್ದಿದ್ರೆ ಹೊತ್ಕೊಂಡು ಇಳಿಸ್ತೀವಿ."

"ಯಾರು, ನೀನಾ?" ಗೊಣಗಮ್ಮ ಪಟಾಕಿಯ ಕಡ್ಡಿತೋಳು ಹಿಡಿದು ತೋರಿಸಿದಳು. "ಇದನ್ನ ಹೊರೋಕೇ ಇನ್ನಿಬ್ರು ಬೇಕು."

ಮೊದಲ ತಿರುವಿನಲ್ಲಿ ದೊಡ್ಡಕ್ಕ ನೋವಿಗೆ ಕಾದಳು. ಬರಲಿಲ್ಲ. ಎರಡನೆಯದರಲ್ಲಿ ಏದುಸಿರು ಬಂತು, ಬೆವರು ಬಂತು. ಕಾಲು ಮಾತ್ರ ಹಗುರಾಗುತ್ತಾ ಹೋಯಿತು. ದಾರಿಯಲ್ಲಿ ಕೆಂಪು ಕಾಯಿಯ ಗಿಡ ಕಂಡಾಗ ಬಗ್ಗಿ ಒಂದು ಕಿತ್ತು ಪಟಾಕಿಯ ಜಡೆಗೆ ಸಿಕ್ಕಿಸಿದಳು.

ತುದಿಯಲ್ಲಿ ಹಾಸಿದಂತೆ ಒಂದು ಬಂಡೆ. ಅದರ ಮುಂದೆ ಮೂವರೂ ಸಾಲಾಗಿ, ಕೈ ಮುಂದೆ ಕಟ್ಟಿಕೊಂಡು ನಿಂತರು. ಕೌಂಟರಿನ ಹಿಂದೆ ನಿಲ್ಲುವ ಹಾಗೆಯೇ.

"ಅಯ್ಯೋ, ಇಲ್ಲೂನಾ!" ಗೊಣಗಮ್ಮ ದೊಡ್ಡಕ್ಕನ ಭುಜ ಅದುಮಿ ಕೂರಿಸಿದಳು. ತಾನೂ ಕೂತು, ಅವಳ ಪಾದಗಳನ್ನು ಮಡಿಲಿಗೆಳೆದುಕೊಂಡು ಒತ್ತತೊಡಗಿದಳು.

"ಬಿಡೇ, ಕೊಳೆ ಕಾಲು."

"ಸುಮ್ನಿರು. ಹತ್ತುವಾಗ ನೋಯ್ತಾ?"

"ಇಲ್ಲ ಕಣೆ," ಎಂದಳು ದೊಡ್ಡಕ್ಕ. "ನಡೆದ್ರೆ ನೋವಿಲ್ಲ. ನಿಂತ್ರೇ ನೋವು. ನಾನು ಮುದುಕಿಯಾದೆ ಅಂದ್ಕೊಂಡು ಕೆಲಸ ಬಿಡೋಕೆ ಹೊರಟಿದ್ದೆ."

ಒತ್ತುತ್ತಿದ್ದ ಕೈ ನಿಂತಿತು. "ನಮಗೊಂದು ಮಾತೂ ಹೇಳ್ದೆ?" ಗೊಣಗಮ್ಮನ ದನಿ ಒಡೆಯಿತು. ಪಟಾಕಿ ಬಂದು ದೊಡ್ಡಕ್ಕನ ಬೆನ್ನಿಗೆ ಕೆನ್ನೆಯಿಟ್ಟು ಕೂತುಬಿಟ್ಟಳು.

ಮರುದಿನ ದೊಡ್ಡಕ್ಕ ನೇರ ಗೋದಾಮಿಗೆ ಹೋದಳು. ಒಂದು ಸ್ಟೂಲು ತಂದು ಸೆರಗಿನಿಂದ ಧೂಳೊರೆಸಿ, ಕೌಂಟರಿನ ಹಿಂದೆ ಹಾಕಿಕೊಂಡು ಕೂತು ಟವೆಲ್ಲು ಮಡಚತೊಡಗಿದಳು. ಅಂಗಡಿಯಲ್ಲಿ ಇನ್ನೂ ಒಬ್ಬ ಗಿರಾಕಿಯೂ ಇರಲಿಲ್ಲ.

ಮ್ಯಾನೇಜರು ದಡಬಡ ಬಂದ. "ಏನಮ್ಮಾ ಇದು? ಏಳಿ ಮೇಲೆ."

"ಗಿರಾಕಿ ಬಂದ್ರೆ ಏಳ್ತೀನಿ ಸಾರ್."

"ಈಗ ಏಳಿ ಅಂದೆ."

ಗೋದಾಮಿನ ಕಡೆಯಿಂದ ಇನ್ನೆರಡು ಸ್ಟೂಲು ನೆಲಕ್ಕೆ ಉಜ್ಜಿಕೊಂಡು ಬರುವ ಸದ್ದು, ಜೊತೆಗೆ ಗೊಣಗು ಕೇಳಿಸಿತು. ದೊಡ್ಡಕ್ಕ ಮಡಚಿದ ಟವೆಲ್ಲನ್ನು ಮೊಣಕಾಲ ಮೇಲಿಟ್ಟು ಸವರಿದಳು.

"ಏಳಲ್ಲ," ಎಂದಳು.